ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ: ರಹಸ್ಯ ಸಂಖ್ಯೆಯ ನೆನಪಿನ ವಿಚಾರ



ಈ ಪುಟಗಳಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಬೆದೆ ಗುರುತಿಸುವ ಕ್ರಮ, ಖನಿಜ ಮಿಶ್ರಣ ಮುಂತಾದ ವಿಷಯಗಳು ಬರುವುದು ವಾಡಿಕೆ. ಈ ಸಲ ಎ.ಟಿ.ಎಂ. ಕಾರ್ಡಿನ ಮತ್ತು ಮೊಬೈಲ್ ಫೋನಿನ ರಹಸ್ಯ ಸಂಖ್ಯೆ, ಅಂದರೆ ನಾವೆಲ್ಲ ಪಿನ್ ಎನ್ನುವ ಸಂಖ್ಯೆಯ ವಿಚಾರ ಬಂದಿದೆ. ಪಶುವೈದ್ಯರಿಗೆ ಇದರ ಉಸಾಬರಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು.

ಕಾರಣವಿದೆ. ಹಿಂದೆ ಬಟವಾಡೆ ಎಂದರೆ ಸಂಘದ ಮುಂದೆ ಸಾಲು ನಿಲ್ಲುವುದು, ಕಾರ್ಯದರ್ಶಿಗಳು ನೋಟು ಎಣಿಸಿ ಕೊಡುವುದು, ಪುಸ್ತಕದಲ್ಲಿ ರುಜು ಹಾಕುವುದು ಇಲ್ಲವೇ ಹೆಬ್ಬೆಟ್ಟು ಒತ್ತುವುದು, ಇಷ್ಟೇ ಇತ್ತು. ಈಗ ಬಹುಪಾಲು ಸಂಘಗಳಲ್ಲಿ ಹಾಲಿನ ಹಣ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿದೆ. ಸರ್ಕಾರದ ಪ್ರೋತ್ಸಾಹಧನವೂ ಅಲ್ಲಿಗೇ ಬರುತ್ತದೆ. ಲೆಕ್ಕ ಸ್ವಚ್ಛವಾಗಿರುತ್ತದೆ, ಮಧ್ಯದಲ್ಲಿ ಕೈ ಹಾಕುವವರಿರುವುದಿಲ್ಲ, ಹೆಣ್ಣುಮಕ್ಕಳ ಹೆಸರಿನ ಹಣ ಹೆಣ್ಣುಮಕ್ಕಳ ಖಾತೆಗೇ ಹೋಗುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ನೀವು ಬೆಳಿಗ್ಗೆ ಸಂಜೆ ಕರೆದು ಡೇರಿಗೆ ಹಾಕಿದ ಹಾಲಿನ ಹಣಕ್ಕೂ ನಿಮಗೂ ನಡುವೆ ಈಗ ನಾಲ್ಕು ಅಥವಾ ಆರು ಅಂಕಿಯ ಒಂದು ಬೀಗ ಬಂದು ಕುಳಿತಿದೆ. ಆ ಬೀಗದ ಕೈ ಎಲ್ಲಿದೆ ಎಂದು ವಿಚಾರಿಸಿದರೆ, ಬಹಳ ಜನರ ವಿಷಯದಲ್ಲಿ ಅದು ತಲೆಯಲ್ಲಿಲ್ಲ, ಬೆರಳಿನಲ್ಲಿದೆ.

ಎರಡು ಮಿಶ್ರತಳಿ ಹಸು ಸಾಕಿರುವ ಸದಸ್ಯೆಯೊಬ್ಬರು ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಬಲಗೈ ತೋರುಬೆರಳಿಗೆ ಹೊಲಿಗೆ ಹಾಕಿಸಿಕೊಂಡಿದ್ದರು. ಹಿಂಡಿ, ಬೂಸಾ ತರಲು ಹಣ ತೆಗೆಯಬೇಕೆಂದು ಎ.ಟಿ.ಎಂ.ಗೆ ಹೋಗಿ, ಕಟ್ಟು ಕಟ್ಟಿದ ಬೆರಳು ಬಿಟ್ಟು ಎಡಗೈಯಿಂದ ಒತ್ತಲು ನೋಡಿದ್ದಾರೆ. ಸಂಖ್ಯೆ ಬರಲಿಲ್ಲ. ಮೂರು ಸಲ ತಪ್ಪಾಯಿತು, ಕಾರ್ಡು ಆ ದಿನಕ್ಕೆ ಕಟ್ಟಾಯಿತು. ಮಾರನೆಯ ದಿನ ಒಂದು ಹಸುವಿಗೆ ಗರ್ಭ ತಪಾಸಣೆ ಮಾಡಲು ನಾನು ಹೋದಾಗ ಅವರು ಹೇಳಿದ ಮಾತು ಇದು: "ನಂಬರು ನಂಗೆ ಗೊತ್ತು ಡಾಕ್ಟ್ರೇ, ಹೇಳಾಕೆ ಬರಾಕಿಲ್ಲ. ಕೈಗೇ ಗೊತ್ತು." ಪಕ್ಕದಲ್ಲಿದ್ದವರು ನಕ್ಕರು. ನಗುವ ಮಾತೇನೂ ಅಲ್ಲ. ಆಕೆ ಹೇಳಿದ್ದು ಶಾಸ್ತ್ರೀಯವಾಗಿ ಸರಿಯಾದ ಮಾತು.

ಕೈಗೆ ನಿಜವಾಗಿ ನೆನಪಿರುತ್ತದೆಯೇ?

ಸ್ನಾಯುವಿನಲ್ಲಿ ಅಂಕಿಯಾಗಲಿ ಅಕ್ಷರವಾಗಲಿ ಉಳಿಯುವುದಿಲ್ಲ. ಸ್ನಾಯು ಎಳೆಯುವುದು, ಸಡಿಲಿಸುವುದು ಅಷ್ಟೇ. ಒಂದೇ ಚಲನೆಯನ್ನು ನೂರಾರು ಸಲ ಮಾಡಿದಾಗ ಅದರ ಕ್ರಮ ಮೆದುಳಿನಲ್ಲೇ ದಾಖಲಾಗುತ್ತದೆ. ಆದರೆ ಮಾತಾಡಿ ಹೇಳಬಲ್ಲ ಸಂಗತಿಗಳನ್ನು ಹಿಡಿದಿಡುವ ಭಾಗಗಳೇ ಬೇರೆ, ಕೈಕಾಲಿನ ಅಭ್ಯಾಸವನ್ನು ಹಿಡಿದಿಡುವ ಭಾಗಗಳೇ ಬೇರೆ. ಎರಡನೆಯ ಕೆಲಸದಲ್ಲಿ ತಲೆಯ ಹಿಂಬದಿಯಲ್ಲಿ ಕೆಳಗಡೆ ಇರುವ ಚಿಕ್ಕಮೆದುಳು ಮತ್ತು ಮೆದುಳಿನ ಒಳಗಡೆ ಇರುವ ಕೆಲವು ನರಗಂಟುಗಳು ಮುಖ್ಯ.

ಇದು ನಿಮಗೆ ತಿಳಿಯದ ಸಂಗತಿಯಲ್ಲ. ಹಾಲು ಕರೆಯುವುದನ್ನೇ ತೆಗೆದುಕೊಳ್ಳಿ. ಪೂರ್ಣ ಹಸ್ತ ವಿಧಾನದಲ್ಲಿ ಕರೆಯುವವರು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೊಲೆತೊಟ್ಟಿನ ಬುಡವನ್ನು ಮೊದಲು ಬಿಗಿಹಿಡಿದು, ಆಮೇಲೆ ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು ಹೀಗೆ ಒಂದಾದ ಮೇಲೊಂದು ಅದುಮುತ್ತಾರೆ. ನಲವತ್ತು ವರ್ಷ ಕರೆದ ಅಜ್ಜಿಯನ್ನು, "ಮೊದಲು ಯಾವ ಬೆರಳು ಒತ್ತುತ್ತೀಯಮ್ಮ?" ಎಂದು ಕೇಳಿ ನೋಡಿ. ಆಕೆ ಉತ್ತರ ಹೇಳುವ ಮೊದಲು ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಕರೆದು ನೋಡಿಕೊಳ್ಳುತ್ತಾಳೆ! ತರಬೇತಿ ಶಿಬಿರಗಳಲ್ಲಿ ನಾನು ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಗೊತ್ತಿಲ್ಲವೆಂದಲ್ಲ. ಗೊತ್ತಿರುವುದು ಬಾಯಿಯ ಹತ್ತಿರ ಇಲ್ಲ.

ಮಗ್ಗಿಯದೂ ಇದೇ ಜಾತಿಯ ನೆನಪು. ಹದಿನಾರೇಳು ಎಷ್ಟೆಂದು ಥಟ್ಟನೆ ಕೇಳಿದರೆ ಅನೇಕರು ಒಳಗೊಳಗೇ "ಹದಿನಾರೊಂದ್ಲಿ ಹದಿನಾರು" ಎಂದು ಮೊದಲಿನಿಂದ ಹೊರಟು ಬರುತ್ತಾರೆ. ಅದು ನಾಲಿಗೆಯ ಓಟ. ನಡುವಿನಿಂದ ಹತ್ತಿಕೊಳ್ಳಲು ಬರುವುದಿಲ್ಲ.

ಈ ಎರಡು ನೆನಪು ಬೇರೆ ಬೇರೆ ಎಂಬುದು ತಿಳಿದುಬಂದ ಬಗೆ ಸ್ವಾರಸ್ಯವಾಗಿದೆ, ದುಃಖದ್ದೂ ಹೌದು. ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ 1953ರಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ತರುಣನಿಗೆ ತೀವ್ರ ಮೂರ್ಛೆರೋಗದ ಸಲುವಾಗಿ ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು. ಎರಡೂ ಕಡೆ ಕಿವಿಯ ನೇರಕ್ಕೆ ಒಳಗಿರುವ ಸ್ವಲ್ಪ ಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ ಆತನಿಗೆ ಹೊಸದಾಗಿ ಏನೂ ನೆನಪು ನಿಲ್ಲದಾಯಿತು. ಬೆಳಿಗ್ಗೆ ಮಾತಾಡಿಸಿದವರನ್ನು ಮಧ್ಯಾಹ್ನ ಗುರುತಿಸುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಆತನಿಗೆ ಒಂದು ಪರೀಕ್ಷೆ ಕೊಟ್ಟರು. ತನ್ನ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಚಿತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮಾಡಿ ನೋಡಿದರೆ ತಿಳಿಯುತ್ತದೆ, ಬಲು ಕಷ್ಟ. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ಆತನ ಕೈ ಪಳಗಿ ಗೆರೆ ನೆಟ್ಟಗಾಯಿತು. ಆದರೆ ಪ್ರತಿದಿನವೂ ಆತನ ಪಾಲಿಗೆ ಅದು ಹೊಸ ಪರೀಕ್ಷೆ. ಹಿಂದೆ ಮಾಡಿದ್ದೇನೆಂಬುದೇ ತಿಳಿಯದು. ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ಆತ 2008ರಲ್ಲಿ ತೀರಿಕೊಂಡ.

ಅಷ್ಟು ದೂರ ಹೋಗುವುದೂ ಬೇಡ. ವೇಗವಾಗಿ ಬೆರಳಚ್ಚು ಮಾಡುವವರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರಗಳ ಸ್ಥಾನ ತುಂಬಿಸಲು ಹೇಳಿದ ಪ್ರಯೋಗವೊಂದು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಿಂದ 2014ರಲ್ಲಿ ಪ್ರಕಟವಾಯಿತು. ಇಂಗ್ಲಿಷಿನ 26 ಅಕ್ಷರಗಳ ಪೈಕಿ ಅವರು ಸರಾಸರಿ 15ನ್ನು ಮಾತ್ರ ಸರಿಯಾಗಿ ತುಂಬಿದರು. ಅವೇ ಬೆರಳುಗಳು ದಿನವಿಡೀ ಆ 26ನ್ನೂ ಹುಡುಕದೆ ಒತ್ತುತ್ತಿದ್ದವು.

ಆದ್ದರಿಂದ ಕೈಯ ನೆನಪು ಸುಳ್ಳಲ್ಲ, ಕೀಳೂ ಅಲ್ಲ. ಓದು ಬರಹ ಕಡಿಮೆ ಇರುವ ನಮ್ಮ ಎಷ್ಟೋ ತಾಯಂದಿರು ಅದನ್ನೇ ನಂಬಿಕೊಂಡು ಇಂದು ತಮ್ಮ ಖಾತೆ ತಾವೇ ನಡೆಸುತ್ತಿದ್ದಾರೆ. ನಾನು ಅದನ್ನು ಬಿಡಿ ಎನ್ನುವುದಿಲ್ಲ. ಅದರ ಸ್ವಭಾವ ತಿಳಿದಿರಬೇಕು, ಹಸುವಿನ ಸ್ವಭಾವ ತಿಳಿದಿರುವಂತೆ.

ಕೈನೆನಪು ಕೈಕೊಡುವುದು ಯಾವಾಗ?

ಹಸುವಿಗೂ ಇಂಥ ಅಭ್ಯಾಸದ ನೆನಪು ಬಲವಾಗಿ ಉಂಟು. ಬಕೆಟ್ಟಿನ ಸದ್ದು ಕೇಳಿದರೆ, ಕೆಚ್ಚಲು ತೊಳೆದರೆ, ದಿನಾ ಕರೆಯುವವರ ದನಿ ಕೇಳಿದರೆ ಸಾಕು, ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಸೇರಿ ಹಾಲು ತೊಟ್ಟಿಗೆ ಇಳಿಯುತ್ತದೆ. ಅದೇ ಹಸುವಿನ ಕೆಳಗೆ ಹೊಸಬರು ಕುಳಿತರೆ, ಕೊಟ್ಟಿಗೆಯಲ್ಲಿ ಗಲಾಟೆಯಾದರೆ, ಜಾಗ ಬದಲಾದರೆ ಹಾಲು ಮೇಲಕ್ಕೆ ಎತ್ತಿಕೊಳ್ಳುತ್ತದೆ ಎಂದು ನೀವೇ ದೂರುತ್ತೀರಿ. ಕೆಚ್ಚಲಿನಲ್ಲಿ ಹಾಲಿದೆ, ಆದರೆ ಬರುವುದಿಲ್ಲ. ಬೆರಳಿನ ಸಂಖ್ಯೆಯ ಕಥೆಯೂ ಬಹುಮಟ್ಟಿಗೆ ಹಾಗೆಯೇ. ಅದು ಜಾಗ, ಭಂಗಿ, ವೇಗ ಮೂರಕ್ಕೂ ಅಂಟಿಕೊಂಡಿರುತ್ತದೆ.

ಮೊದಲನೆಯದು ಗುಂಡಿಗಳ ಜೋಡಣೆ. ಫೋನಿನಲ್ಲಿ ಮೇಲಿನ ಸಾಲು 1, 2, 3. ಲೆಕ್ಕ ಮಾಡುವ ಕ್ಯಾಲ್ಕುಲೇಟರಿನಲ್ಲಿ ಮೇಲಿನ ಸಾಲು 7, 8, 9. ಗಣಕಯಂತ್ರದ ಕೀಲಿಮಣೆಯ ಬಲಬದಿಯ ಅಂಕಿಗಳೂ ಕ್ಯಾಲ್ಕುಲೇಟರಿನಂತೆಯೇ. ಮೇಲೆ, ಮೇಲೆ, ಕೆಳಗೆ, ನಡುವೆ ಎಂದು ಕಲಿತ ಬೆರಳು ಒಂದರಿಂದ ಇನ್ನೊಂದಕ್ಕೆ ಹೋದಾಗ ಬೇರೆಯೇ ಸಂಖ್ಯೆ ಒತ್ತುತ್ತದೆ. ಕೆಲವು ಬ್ಯಾಂಕುಗಳ ಪರದೆಯಲ್ಲಿ ಭದ್ರತೆಗಾಗಿ ಅಂಕಿಗಳನ್ನು ಪ್ರತಿಸಲವೂ ಕಲಸಿಹಾಕಿ ತೋರಿಸುತ್ತಾರೆ. ಅಲ್ಲಿ ಕೈ ಪೂರಾ ಕುರುಡು.

ಹೊಸ ಫೋನು ಕೊಂಡು ಪರದೆ ದೊಡ್ಡದಾದರೆ ಕೆಲವರಿಗೆ ತೊಡಕಾಗುತ್ತದೆ. ಕೈಗೆ ಪೆಟ್ಟಾದರೆ, ಪಾರ್ಶ್ವವಾಯು ತಗುಲಿದರೆ ಕೇಳುವುದೇ ಬೇಡ. ಮೂರು ನಾಲ್ಕು ತಿಂಗಳು ಬಳಸದೆ ಬಿಟ್ಟ ಕಾರ್ಡೂ ಹಾಗೆಯೇ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಸಂಖ್ಯೆ ಬದಲಿಸಿದ ಮೊದಲ ಕೆಲವು ದಿನ. ಹೊಸ ಕೊಟ್ಟಿಗೆ ಕಟ್ಟಿಸಿದ ಮೇಲೂ ಮೇಯ್ದು ಬಂದ ಹಸು ಹಳೆಯ ಗೂಟದ ಮುಂದೆ ಹೋಗಿ ನಿಲ್ಲುವಂತೆ ಬೆರಳು ಹಳೆಯ ಸಂಖ್ಯೆಗೇ ಹೋಗುತ್ತದೆ. ತಲೆ ಹೊಸದನ್ನು ಹೇಳುತ್ತಿರುತ್ತದೆ, ಕೈ ಅಷ್ಟರಲ್ಲಿ ಹಳೆಯದನ್ನು ಒತ್ತಿ ಮುಗಿಸಿರುತ್ತದೆ. ಇನ್ನೊಂದು ವಿಚಿತ್ರವೆಂದರೆ, ಸರಾಗವಾಗಿ ಬರುತ್ತಿದ್ದುದು "ಯಾವುದಪ್ಪಾ ಅದು?" ಎಂದು ಒಂದು ಕ್ಷಣ ಯೋಚಿಸಿದರೆ ಸಾಕು, ಕಟ್ಟಿಹೋಗುತ್ತದೆ. ಹಿಂದೆ ಸಾಲು ನಿಂತಿದ್ದು ಯಾರಾದರೂ "ಬೇಗ ಮಾಡಮ್ಮ" ಎಂದು ಗದರಿಸಿದರೆ ಇನ್ನೂ ಬೇಗ ಕಟ್ಟುತ್ತದೆ.

ಕೈ ಬಲು ಬೇಗ, ಅದೇ ಅಪಾಯ

ಮರೆಯುವುದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ಅಭ್ಯಾಸವಾದ ಕೈ ಯೋಚನೆಗೆ ಕಾಯುವುದಿಲ್ಲ. ಪರದೆಯಲ್ಲಿ ಪಿನ್ ಕೇಳುವ ಪೆಟ್ಟಿಗೆ ಕಂಡರೆ ಸಾಕು, ಒತ್ತಿಬಿಡುತ್ತದೆ. ಮೋಸಗಾರರು ಬದುಕುವುದೇ ಇದರ ಮೇಲೆ.

ಹಸು ಮಾರಾಟಕ್ಕಿದೆ ಎಂದು ಚಿತ್ರ ಹಾಕಿದವರಿಗೆ ಫೋನು ಬರುತ್ತದೆ. "ಹಸು ಒಪ್ಪಿಗೆಯಾಯಿತು, ಮುಂಗಡ ಕಳಿಸುತ್ತೇನೆ, ಈ ಚೌಕಳಿ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬೀಳುತ್ತದೆ." ಇಲ್ಲವೇ, "ನಿಮ್ಮ ಹಾಲಿನ ಪ್ರೋತ್ಸಾಹಧನ ಬಾಕಿ ಇದೆ, ಪಿನ್ ಒತ್ತಿದರೆ ಜಮೆಯಾಗುತ್ತದೆ." ಪರದೆಯಲ್ಲಿ ಎಷ್ಟು ರೂಪಾಯಿ ಯಾರಿಗೆ ಹೋಗುತ್ತಿದೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಕಣ್ಣು ಓದುವ ಮೊದಲೇ ಕೈ ಕೆಲಸ ಮುಗಿಸಿರುತ್ತದೆ. ಇದನ್ನು ಎಲ್ಲರೂ ಗಟ್ಟಿಯಾಗಿ ತಿಳಿದಿರಬೇಕು: ಖಾತೆಗೆ ಹಣ ಬರುವುದಕ್ಕೆ ಎಂದೂ ಪಿನ್ ಬೇಡ. ನಮ್ಮ ಹಾಲಿನ ಹಣ ಜಮೆಯಾಗುವಾಗ ನೀವು ಯಾವ ಗುಂಡಿಯನ್ನೂ ಒತ್ತುತ್ತಿಲ್ಲವಲ್ಲ, ಹಾಗೆಯೇ. ಹಣ ಹೋಗಿಬಿಟ್ಟರೆ ತಡಮಾಡದೆ 1930 ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ಕೈಯನ್ನು ತಡೆಯುವ ಉಪಾಯ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಎಷ್ಟೇ ಪಳಗಿದವರಾದರೂ ಕರೆಯುವ ಮುಂಚೆ ಪ್ರತಿ ತೊಟ್ಟಿನಿಂದ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಕರೆದು, ಗಟ್ಟಿ ಕಟ್ಟಿದೆಯೇ, ನೀರಾಗಿದೆಯೇ, ರಕ್ತ ಬಂದಿದೆಯೇ ಎಂದು ನೋಡಬೇಕೆಂದು ನಾವು ಹೇಳುತ್ತೇವೆ. ಕೈ ಓಡುವ ಮುಂಚೆ ಕಣ್ಣಿಗೊಂದು ಅವಕಾಶ. ಅದೇ ರೀತಿ ಫೋನಿನಲ್ಲಿ ಪಿನ್ ಒತ್ತುವ ಮುಂಚೆ ಹಣದ ಮೊತ್ತವನ್ನೂ ಎದುರಿನವರ ಹೆಸರನ್ನೂ ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಓದಿದರೆ ಸಾಲದು. ಬಾಯಿ ಬಿಟ್ಟರೆ ಕೈ ನಿಲ್ಲುತ್ತದೆ. ಓದಲು ಬಾರದವರು ಮೊತ್ತದ ಅಂಕಿಯನ್ನಾದರೂ ನೋಡಬಲ್ಲರು, ಹಾಲಿನ ಚೀಟಿಯ ಅಂಕಿ ನೋಡುವುದಿಲ್ಲವೇ?

ಕೈಯ ನೆನಪು ಬೇರೆಯವರ ಕಣ್ಣಿಗೂ ಕಾಣುತ್ತದೆ ಎಂಬುದನ್ನು ಮರೆಯಬಾರದು. ದಿನಾ ಒಂದೇ ಹಾದಿಯಲ್ಲಿ ಓಡುವ ಬೆರಳನ್ನು ಹಿಂದೆ ನಿಂತವರು ಎರಡು ಸಲ ನೋಡಿದರೆ ಕಲಿತುಬಿಡುತ್ತಾರೆ. ಎ.ಟಿ.ಎಂ.ನಲ್ಲಿ ಇನ್ನೊಂದು ಕೈಯಿಂದ ಮರೆಮಾಡಿಕೊಂಡು ಒತ್ತಿ. ಫೋನಿನ ಮೇಲೆ ಗೆರೆ ಎಳೆದು ಬೀಗ ತೆಗೆಯುವ ಪದ್ಧತಿಯಂತೂ ನನಗೆ ಸರಿಕಾಣದು. ಹಾಲಿನ ಜಿಡ್ಡು ಹತ್ತಿದ ಬೆರಳಿನಿಂದ ಎಳೆದ ಗೆರೆ ಗಾಜಿನ ಮೇಲೆ ಹಾಗೇ ಮೂಡಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮನೆಯ ಮಗುವೂ ಓದಬಲ್ಲದು.

ಬೆರಳಿನಿಂದ ತಲೆಗೆ ತರುವ ಬಗೆ

ಸಂಖ್ಯೆ ಕೈಗೆ ಬರುತ್ತಿರುವಾಗಲೇ ಅದನ್ನು ತಲೆಗೂ ಇಳಿಸಿಕೊಳ್ಳಬೇಕು. ಕೈಕೊಟ್ಟ ಮೇಲೆ ಕಷ್ಟ. ಇದಕ್ಕೊಂದು ಸುಲಭ ದಾರಿ ಇದೆ. ಯಾರೂ ಇಲ್ಲದ ಕಡೆ ಕುಳಿತು, ಫೋನಿನಲ್ಲಿ ಕರೆ ಮಾಡಲು ಅಂಕಿ ಒತ್ತುವ ಪುಟ ತೆರೆಯಿರಿ. ಯೋಚಿಸದೆ, ಎ.ಟಿ.ಎಂ. ಮುಂದೆ ನಿಂತಂತೆಯೇ ಭಾವಿಸಿ, ಬೆರಳನ್ನು ಅದರ ಪಾಡಿಗೆ ಓಡಲು ಬಿಡಿ. ಒತ್ತಿದ ಅಂಕಿಗಳು ಮೇಲುಗಡೆ ಕಾಣುತ್ತವೆ. ಕರೆಯ ಗುಂಡಿ ಒತ್ತಬೇಡಿ. ಅಂಕಿಗಳನ್ನು ನಿಧಾನವಾಗಿ ಮನಸ್ಸಿನಲ್ಲೇ ಎರಡು ಮೂರು ಸಲ ಓದಿಕೊಂಡು ಅಳಿಸಿಬಿಡಿ. ಕ್ಯಾಲ್ಕುಲೇಟರಿನಲ್ಲಿ ಹೀಗೆ ಮಾಡಬಾರದು; ಅದರ ಸಾಲುಗಳು ತಲೆಕೆಳಗೆಂದು ಮೇಲೆ ಹೇಳಿದೆನಲ್ಲ. ಮೇಲೆ ಹೇಳಿದ ಸದಸ್ಯೆಗೂ ಇದನ್ನೇ ಮಾಡಿಸಿದ್ದು. ಕಟ್ಟು ಇದ್ದ ಬಲಗೈಯನ್ನೇ ಚಾಚಿ, ಬೆರಳು ತಗುಲಿಸದೆ ಫೋನಿನ ಮೇಲೆ ಗಾಳಿಯಲ್ಲಿ ಒತ್ತಲು ಹೇಳಿ, ನಾವೆಲ್ಲ ಹೊರಗೆ ಬಂದು ನಿಂತೆವು. ಎರಡನೆಯ ಪ್ರಯತ್ನಕ್ಕೆ ಅವರಿಗೆ ಸಂಖ್ಯೆ ಕಂಡಿತು.

ತಲೆಗೆ ಬಂದುದನ್ನು ಅಲ್ಲೇ ನಿಲ್ಲಿಸಿಕೊಳ್ಳಲು ನಮ್ಮಲ್ಲೇ ಒಂದು ಹಳೆಯ ಉಪಾಯವಿದೆ. ಕಟಪಯಾದಿ ಎಂದು ಅದರ ಹೆಸರು. ಸಂಗೀತ ಕಲಿತವರಿಗೆ ತಿಳಿದಿರುತ್ತದೆ. ಅಕ್ಷರಕ್ಕೊಂದು ಅಂಕಿ. ಕ ದಿಂದ ಝ ವರೆಗೆ ಕ್ರಮವಾಗಿ 1ರಿಂದ 9, ಞ ಸೊನ್ನೆ. ಟ ದಿಂದ ಧ ವರೆಗೆ ಮತ್ತೆ 1ರಿಂದ 9, ನ ಸೊನ್ನೆ. ಪ, ಫ, ಬ, ಭ, ಮ ಇವು 1ರಿಂದ 5. ಯ, ರ, ಲ, ವ, ಶ, ಷ, ಸ, ಹ ಇವು 1ರಿಂದ 8. ಕೊಂಬು, ದೀರ್ಘ, ಗುಡಿಸುಗಳಿಗೆ ಲೆಕ್ಕವಿಲ್ಲ. ಮಾಯಾಮಾಳವಗೌಳ ರಾಗದ ಮೊದಲ ಎರಡು ಅಕ್ಷರ ಮಾ, ಯಾ ಎಂದರೆ 5, 1. ಹಿಂದುಮುಂದಾಗಿ ಓದಿದರೆ 15, ಅದು ಹದಿನೈದನೆಯ ಮೇಳಕರ್ತ. ನಮಗೆ ಹಿಂದುಮುಂದಿನ ಗೋಜು ಬೇಡ, ಬರೆದಂತೆಯೇ ಓದೋಣ. "ಗೌರಿಹಸು" ಎಂದರೆ 3287. "ಕರುಮನೆ" ಎಂದರೆ 1250. ಅಂಕಿ ಮರೆತರೂ ಕರುಮನೆ ಮರೆಯುವುದಿಲ್ಲ. ಇಲ್ಲಿ ಅಚ್ಚಾದ ಪದಗಳನ್ನು ದಯವಿಟ್ಟು ಯಾರೂ ಇಟ್ಟುಕೊಳ್ಳಬೇಡಿ, ಊರೆಲ್ಲ ಓದಿರುತ್ತಾರೆ. ನಿಮ್ಮ ಹಸುವಿನ ಹೆಸರೂ ಬೇಡ. ಜನ್ಮ ವರ್ಷ, ಬೈಕಿನ ನಂಬರು, 1234 ಇವು ಕಳ್ಳರು ಮೊದಲು ಪ್ರಯತ್ನಿಸುವ ಸಂಖ್ಯೆಗಳು.

ಇದು ಕಷ್ಟವೆನಿಸಿದವರು ತಿಂಗಳಿಗೊಮ್ಮೆ, ಬಟವಾಡೆಯ ದಿನ, ಸಂಖ್ಯೆಯನ್ನು ಒತ್ತದೆ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡರೂ ಸಾಕು. ಅಷ್ಟೇನೂ ಭಾರವಲ್ಲ. ನಾಲ್ಕೇ ಅಂಕಿ ಇರುವುದು ಏಕೆ ಗೊತ್ತೇ? ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1967ರ ಜೂನ್ 27ರಂದು ಆರಂಭವಾದ ಹಣದ ಯಂತ್ರವನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಎಂಬಾತ ಆರು ಅಂಕಿ ಇಡಬೇಕೆಂದಿದ್ದರಂತೆ. ಅಡುಗೆಮನೆಯ ಮೇಜಿನ ಮುಂದೆ ಹೆಂಡತಿಯನ್ನು ಕೇಳಿದಾಗ, ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರದು ಎಂದರಂತೆ. ಇದು ಅವರೇ ಹೇಳಿಕೊಂಡ ಸಂಗತಿ. ಅವರು ಹುಟ್ಟಿದ್ದು ನಮ್ಮ ದೇಶದ ಶಿಲ್ಲಾಂಗ್‌ನಲ್ಲಿ, 1925ರಲ್ಲಿ.

ಮರೆತೇಹೋದರೆ

ಎರಡು ಸಲ ತಪ್ಪಾದರೆ ಮೂರನೆಯ ಸಲ ಒತ್ತಬೇಡಿ. ಮೂರನೆಯದೂ ತಪ್ಪಾದರೆ ಸಾಮಾನ್ಯವಾಗಿ ಒಂದು ದಿನದ ಮಟ್ಟಿಗೆ ಬೀಗ ಬೀಳುತ್ತದೆ. ಕಾರ್ಡು ತೆಗೆದುಕೊಂಡು ಹೊರಗೆ ಬಂದು, ಒಂದು ಲೋಟ ಕಾಫಿ ಕುಡಿದು, ಬೇರೆ ಕೆಲಸ ಮುಗಿಸಿ ಬಂದರೆ ಕೈಗೆ ತಾನಾಗಿ ಬರುವುದುಂಟು. ಬರದಿದ್ದರೆ ಹೊಸ ಸಂಖ್ಯೆ ಮಾಡಿಕೊಳ್ಳುವುದು. ಅನೇಕ ಬ್ಯಾಂಕುಗಳ ಎ.ಟಿ.ಎಂ.ನಲ್ಲೇ ನೋಂದಾಯಿತ ಮೊಬೈಲಿಗೆ ಬರುವ ಒಂದು ಸಲದ ಸಂಖ್ಯೆಯನ್ನು ಬಳಸಿ ಹೊಸ ಪಿನ್ ಮಾಡಿಕೊಳ್ಳಬಹುದು. ಫೋನಿನ ಯು.ಪಿ.ಐ. ಪಿನ್ ಆದರೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ವರ್ಷ ಮತ್ತು ಮೊಬೈಲಿಗೆ ಬರುವ ಸಂಖ್ಯೆ ಬೇಕಾಗುತ್ತದೆ.

ಇಲ್ಲಿ ಗಮನಿಸಿ. ಎರಡು ದಾರಿಯೂ ಹೋಗಿ ನಿಲ್ಲುವುದು ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯ ಮುಂದೆ. ನಮ್ಮ ಸದಸ್ಯರಲ್ಲಿ ಎಷ್ಟೋ ಜನರ ಖಾತೆಗೆ ಜೋಡಿಸಿರುವುದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ನಂಬರು, ಮದುವೆಯಾಗಿ ಹೋದ ಮಗಳ ನಂಬರು, ಇಲ್ಲವೇ ಹಣ ತುಂಬಿಸದೆ ಎಂದೋ ನಿಂತುಹೋದ ನಂಬರು. ನಿಂತ ನಂಬರನ್ನು ಕಂಪನಿಯವರು ಕೆಲವು ಕಾಲದ ನಂತರ ಬೇರೊಬ್ಬರಿಗೆ ಕೊಟ್ಟಿರುತ್ತಾರೆ. ಪಿನ್ ಮರೆತವರಿಗಿಂತ ಇವರ ಪಾಡು ಕಷ್ಟ. ಕರು ಹಾಕುವ ಹಸುವಿಗೆ ತೊಂದರೆಯಾಗಿ ರಾತ್ರಿ ಔಷಧಿ ತರಬೇಕಾದಾಗ ಖಾತೆಯಲ್ಲಿ ಹಣವಿದ್ದೂ ಕೈಸಾಲಕ್ಕೆ ಓಡಾಡಿದವರನ್ನು ನಾನು ಕಂಡಿದ್ದೇನೆ. ಈ ಲೇಖನದಲ್ಲಿ ಒಂದೇ ಕೆಲಸ ಮಾಡುವುದಿದ್ದರೆ ಇದನ್ನು ಮಾಡಿ: ಪಾಸ್ ಪುಸ್ತಕ ಹಿಡಿದು ಬ್ಯಾಂಕಿಗೆ ಹೋಗಿ, ತಮ್ಮ ಖಾತೆಗೆ ಯಾವ ಮೊಬೈಲ್ ಸಂಖ್ಯೆ ಇದೆ ಎಂದು ವಿಚಾರಿಸಿ, ತಮ್ಮ ಬಳಿಯೇ ಇರುವ ಸಂಖ್ಯೆಯನ್ನು ಹಾಕಿಸಿ.

ಪಿನ್ ಏಕೆ, ಹೆಬ್ಬೆಟ್ಟಿನ ಯಂತ್ರವಿದೆಯಲ್ಲ ಎನ್ನುವವರಿದ್ದಾರೆ. ಹುಲ್ಲು ಕೊಯ್ದು, ಸಗಣಿ ಬಾಚಿ ಸವೆದ ಬೆರಳಿನ ಗೆರೆ ಎಷ್ಟೋ ಸಲ ಆ ಯಂತ್ರಕ್ಕೆ ಸಿಗುವುದಿಲ್ಲ. ಅದನ್ನೇ ನಂಬಿ ಕೂರುವಂತಿಲ್ಲ.

ಬರೆದಿಡಬಹುದಾದದ್ದು, ಬಾರದ್ದು

ಕಿವಿಯೋಲೆಯ 12 ಅಂಕಿ, ಸಂಘದ ಸದಸ್ಯತ್ವದ ಸಂಖ್ಯೆ, ಖಾತೆಯ ಸಂಖ್ಯೆ ಇವುಗಳನ್ನು ನೆನಪಿಡುವ ಅಗತ್ಯವೂ ಇಲ್ಲ, ಮುಚ್ಚಿಡುವ ಅಗತ್ಯವೂ ಇಲ್ಲ. ಒಂದು ಪುಸ್ತಕದಲ್ಲಿ ಬರೆದಿಡಿ. ಓಲೆ ಕಿತ್ತುಹೋದಾಗ, ಲಸಿಕೆ ಹಾಕುವಾಗ, ವಿಮೆಯ ಹಣ ಕೇಳುವಾಗ ಅದು ಬೇಕಾಗುತ್ತದೆ. ಪಿನ್ ಮಾತ್ರ ಪಾಸ್ ಪುಸ್ತಕದ ಹಿಂಬದಿಯಲ್ಲಿ, ಕಾರ್ಡಿನ ಚೀಲದ ಮೇಲೆ ಬರೆಯಬಾರದು. ಬೀಗದ ಮೇಲೇ ಬೀಗದ ಕೈ ನೇತುಹಾಕಿದಂತೆ. ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿದ್ದನ್ನೂ ನೋಡಿದ್ದೇನೆ!

ಸಂಘದ ಕಾರ್ಯದರ್ಶಿಗಳಿಗೆ ಒಂದು ಮಾತು. ಹಾಲು ಶೇಖರಣೆಯ ಗಣಕಯಂತ್ರದ ಗುಪ್ತಪದ ತಮ್ಮ ಹತ್ತು ಬೆರಳಿಗೆ ಮಾತ್ರ ಗೊತ್ತಿದ್ದರೆ, ತಾವು ಹಾಸಿಗೆ ಹಿಡಿದ ದಿನ ಇಡೀ ಊರಿನ ಲೆಕ್ಕ ನಿಲ್ಲುತ್ತದೆ. ಫೋನಿನಲ್ಲಿ ಕೇಳಿದರೆ ಹೇಳಲು ತಮಗೇ ಬರುವುದಿಲ್ಲ. ಖಾಲಿ ಪುಟದಲ್ಲಿ ಅದನ್ನು ಒತ್ತಿ ಓದಿಕೊಂಡು, ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ತಮ್ಮದೂ ಅಧ್ಯಕ್ಷರದೂ ರುಜು ಇರುವಂತೆ ಸಂಘದ ತಿಜೋರಿಯಲ್ಲಿಡುವುದು ಒಳ್ಳೆಯದು. ಆಡಳಿತ ಮಂಡಳಿಯ ಸಭೆಯ ನಡಾವಳಿಯಲ್ಲಿ ಇದನ್ನು ದಾಖಲಿಸಿ. ಲಕೋಟೆ ಒಡೆದ ದಿನವೇ ಗುಪ್ತಪದ ಬದಲಾಗಬೇಕು. ಸಂಘದ ಬ್ಯಾಂಕ್ ಖಾತೆಯ ವಿಷಯ ಬೇರೆ. ಅಲ್ಲಿ ಅಧಿಕಾರ ಪಡೆದ ಒಬ್ಬೊಬ್ಬರಿಗೂ ಅವರವರದೇ ಇರತಕ್ಕದ್ದು, ಒಬ್ಬರದನ್ನು ಇನ್ನೊಬ್ಬರು ಬಳಸತಕ್ಕದ್ದಲ್ಲ.

ಕಡೆಯದಾಗಿ, ಮನೆಯ ಹಿರಿಯರ ವಿಷಯ. "ನಾಳೆ ನನಗೇನಾದರೂ ಆದರೆ" ಎಂದು ಮಗನಿಗೆ ಪಿನ್ ಹೇಳಿಡುವ ಪದ್ಧತಿ ಇದೆ. ಖಾತೆದಾರರು ತೀರಿಕೊಂಡ ಮೇಲೆ ಅವರ ಕಾರ್ಡಿನಿಂದ ಹಣ ತೆಗೆಯುವುದು ಸರಿಯಲ್ಲ. ಮುಂದೆ ಅಣ್ಣತಮ್ಮಂದಿರಲ್ಲಿ ವ್ಯಾಜ್ಯಕ್ಕೂ ಅದೇ ಮೂಲವಾಗುತ್ತದೆ. ಅದಕ್ಕೆ ಇರುವ ದಾರಿ ನಾಮನಿರ್ದೇಶನ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಲು, ಯಾರಿಗೆ ಎಷ್ಟು ಪಾಲು ಎಂದು ನಮೂದಿಸಲು ಅವಕಾಶವಿದೆ. ಅರ್ಜಿ ನಮೂನೆ ಶಾಖೆಯಲ್ಲೇ ಸಿಗುತ್ತದೆ. ಮೊಬೈಲ್ ಸಂಖ್ಯೆ ಸರಿಪಡಿಸಲು ಹೋದ ದಿನವೇ ಇದನ್ನೂ ತುಂಬಿ ಕೊಟ್ಟು, ಸ್ವೀಕೃತಿ ಪಡೆದು ಪಾಸ್ ಪುಸ್ತಕದ ಜೊತೆಯಲ್ಲಿಡಿ.